ದೀಪ ಹಿಡಿದವರ ಮಾತು

ರಾಜೂರ
೧೮ ಆಗಸ್ಟ್ ೨೦೨೪

ದುರಗೇಶ,

ಮೊದಲು ನಿನ್ನ ವೈನಿಯ ಆಶೀರ್ವಾದ ತೆಗೆದುಕೋ, ಬೈಗುಳ ಆಮೇಲೆ. ನೀನು ಮಡಗಾಂವಿಗೆ ಹೋಗಿ ಒಂಬತ್ತು ತಿಂಗಳಾಯಿತು. ಫೋನು ಹಚ್ಚಿದರೆ ಯಾವಳೋ ಒಬ್ಬಳು ನನಗೆ ತಿಳಿಯದ ಭಾಷೆಯಲ್ಲಿ ಏನೋ ಹೇಳಿ ಇಟ್ಟುಬಿಡುತ್ತಾಳೆ. ಕೊನೆಗೆ ಪಕ್ಕದ ಮನೆಯ ಗೋಣೆಪ್ಪಕಾಕಾ ನರಗುಂದಕ್ಕೆ ಹೋದಾಗ ನಿನ್ನ ಮೇಸ್ತ್ರಿ ಮೈನುದ್ದೀನನ ಮನೆ ಹುಡುಕಿ ಈ ವಿಳಾಸ ತಂದುಕೊಟ್ಟರು. ಪಿಯುಸಿ ಪರೀಕ್ಷೆ ಆದ ಮೇಲೆ ನಾನು ಇಷ್ಟುದ್ದ ಬರೆಯುತ್ತಿರುವುದು ಇದೇ ಮೊದಲು. ಅಕ್ಷರ ನೋಡಿ ನಗಬೇಡ.

ನಿನ್ನ ಅಣ್ಣನ ಮಗಳು ಈಗ ನಡೆಯುತ್ತಾಳೆ. ನಡೆಯುತ್ತಾಳೆ ಎನ್ನುವುದಕ್ಕಿಂತ ಓಡಿ ಬೀಳುತ್ತಾಳೆ. ಸತ್ತ ಅತ್ತೆಯ ಹೆಸರೇ ಬೇಕು ಎಂದು ನೀನೇ ಹಟ ಹಿಡಿದು ಶಂಕ್ರವ್ವ ಎಂದು ಇಡಿಸಿದೆ, ಹಟವೂ ಅತ್ತೆಯದೇ ಬಂದಿದೆ. ಓಣಿಯಲ್ಲಿ ಸೈಕಲ್ ಮೇಲೆ ಹೋಗುವವರನ್ನೆಲ್ಲ ಕಾಕಾ ಎನ್ನುತ್ತಾಳೆ. ಮೊನ್ನೆ ಐಸ್‌ಕ್ಯಾಂಡಿ ಮಾರುವವನನ್ನೂ ಅಂದಳು, ಅವನು ಖುಷಿಯಾಗಿ ಒಂದು ಕೊಟ್ಟು ಹೋದ.

ಹೊಲದಲ್ಲಿ ಹೆಸರುಕಾಳು ಬಿಡಿಸಿ ಆಯಿತು. ಹೊಲವನ್ನು ಗೋಣೆಪ್ಪಕಾಕಾ ಪಾಲಿಗೆ ಮಾಡುತ್ತಿದ್ದಾರೆ. ಹಿತ್ತಲಿನ ಹಗೇವಿನ ಬಾಯಿಗೆ ಕಲ್ಲು ಎಳೆಸಿ ಮಣ್ಣು ಮೆತ್ತಿಸಿದ್ದಾರೆ. ನೆಲದೊಳಗೆ ಜೋಳ ಇಡುವ ಮನೆ ಊರಿನಲ್ಲಿ ನಮ್ಮದೊಂದೇ ಉಳಿದಿತ್ತು, ಇನ್ನು ಅದೂ ಇಲ್ಲ.

ಈಗ ಮುಖ್ಯ ವಿಷಯ. ಗಜೇಂದ್ರಗಡದಿಂದ ನನ್ನ ಅಣ್ಣ ಹಾಲೇಶ ಹದಿನೈದು ದಿನಕ್ಕೊಮ್ಮೆ ಬರುತ್ತಾನೆ. "ಹೆಣ್ಣಮಗಳು ಒಂದ ಕೂಸು ಕಟಗೊಂಡು ಇಷ್ಟದೊಡ್ಡ ಮನ್ಯಾಗ ಹ್ಯಾಂಗ ಇರ್ತಿ? ಬೀಗಾ ಹಾಕು, ನಡಿ" ಎನ್ನುತ್ತಾನೆ. ನಿಮ್ಮಣ್ಣನ ವರ್ಷದ ಪೂಜೆ ಮುಗಿಯುವ ತನಕ ತಡೆ ಎಂದು ಹೇಳಿದ್ದೇನೆ. ಸೀಗೆ ಹುಣ್ಣಿಮೆ ಆದ ನಾಲ್ಕನೆಯ ದಿನ ಬರುತ್ತದೆ. ನೀನು ಅಷ್ಟರೊಳಗೆ ಬಂದು ಹೊಲ ಹಿಡಿದರೆ ನಾನು ಈ ಮನೆಯಲ್ಲೇ ಉಳಿಯುತ್ತೇನೆ. ನೀನು ಬರದಿದ್ದರೆ ಬೀಗ. ನನಗೆ ತವರಿನಲ್ಲಿ ಅನ್ನಕ್ಕೆ ಬರವಿಲ್ಲ, ಆದರೆ ಶಂಕ್ರಿ ತನ್ನಪ್ಪನ ಅಂಗಳದಲ್ಲೇ ಬೆಳೆಯಲಿ ಎಂದು ನನಗೆ ಆಸೆ.

ನೀನು ಯಾಕೆ ಮುಖ ತಪ್ಪಿಸುತ್ತೀಯೋ ನನಗೆ ತಿಳಿಯುತ್ತಿಲ್ಲ. ಊರಿನಲ್ಲಿ ಒಬ್ಬರೂ ನಿನ್ನ ಮೇಲೆ ಮಾತು ಹಾಕಿಲ್ಲ. ಹಗೇವಿನಲ್ಲಿ ಕೆಟ್ಟ ಗಾಳಿ ಇದೆ, ದೀಪ ಆರಿತು, ಇಳಿಯಬೇಡ ಎಂದು ತಮ್ಮ ಹೇಳಿದ, ಅಣ್ಣ ಕೇಳಲಿಲ್ಲ, ತಮ್ಮ ರೋಣದ ಬಸ್ಸು ಹತ್ತಿದ್ದೇ ತಡ ಇಳಿದುಬಿಟ್ಟ ಎಂದೇ ಎಲ್ಲರೂ ಹೇಳುತ್ತಾರೆ. ನಾನೂ ಹಾಗೇ ಹೇಳಿದ್ದೇನೆ. ನಿನ್ನ ಮೇಲೆ ಯಾವ ಭಾರವೂ ಇಲ್ಲಪ್ಪ. ಬಾ.

ನಿನ್ನ ವೈನಿ,
ದೇವಿಕಾ


ಮಡಗಾಂವ
೨ ಸೆಪ್ಟೆಂಬರ್ ೨೦೨೪

ವೈನಿಯವರಿಗೆ ನಮಸ್ಕಾರ.

ಪತ್ರ ಮುಟ್ಟಿತು. ಅಕ್ಷರ ಚೆನ್ನಾಗಿವೆ. ನಾನು ಆರಾಮ ಇದ್ದೇನೆ. ಇಲ್ಲಿ ಟೈಲ್ಸ್ ಕೂರಿಸುವ ಕೆಲಸ. ಮಳೆ ಇನ್ನೂ ನಿಂತಿಲ್ಲ. ಫೋನು ಕಳೆದುಹೋಗಿದೆ, ಬೇರೆ ತೆಗೆದುಕೊಂಡಿಲ್ಲ.

ವರ್ಷದ ಪೂಜೆಗೆ ಬರಲು ಆಗುವುದಿಲ್ಲ. ಮೇಸ್ತ್ರಿ ರಜೆ ಕೊಡುವುದಿಲ್ಲ ಎಂದಿದ್ದಾನೆ. ಹಾಲೇಶಣ್ಣ ಹೇಳುವುದರಲ್ಲಿ ತಪ್ಪೇನಿಲ್ಲ. ಗಜೇಂದ್ರಗಡದಲ್ಲಿ ಶಾಲೆ, ದವಾಖಾನೆ ಎಲ್ಲ ಹತ್ತಿರ. ನೀವು ಅಲ್ಲಿಗೆ ಹೋಗುವುದೇ ಒಳ್ಳೆಯದು. ಹೊಲವನ್ನು ಗೋಣೆಪ್ಪಕಾಕಾನೇ ಮಾಡಲಿ, ನನ್ನ ಪಾಲೂ ಶಂಕ್ರಿಗೆ ಇರಲಿ.

ಊರಿನವರು ನನ್ನ ಬಗ್ಗೆ ಹೇಳುವುದನ್ನು ದಯವಿಟ್ಟು ನನಗೆ ಬರೆಯಬೇಡಿ.

ಶಂಕ್ರಿಗೆ ಒಂದು ಅಂಗಿ ಕಳಿಸಿದ್ದೇನೆ. ಅಳತೆ ಗೊತ್ತಿರಲಿಲ್ಲ.

ದುರಗೇಶ


ರಾಜೂರ
೧೯ ಸೆಪ್ಟೆಂಬರ್ ೨೦೨೪

ದುರಗೇಶ,

ಅಂಗಿ ಐದು ವರ್ಷದವಳಿಗೆ ಆಗುತ್ತದೆ. ಹಾಕಿದರೆ ಹುಡುಗಿಯೇ ಕಾಣುವುದಿಲ್ಲ. ಆದರೂ ಬಿಚ್ಚಲು ಕೊಡಲಿಲ್ಲ, ಅದರಲ್ಲೇ ಮಲಗಿದಳು.

ನಿನಗೆ ಸುಳ್ಳು ಹೇಳಲು ಬರುವುದಿಲ್ಲ, ಯಾಕೆ ಹೇಳುತ್ತೀ? ಮೈನುದ್ದೀನ ಹಬ್ಬಕ್ಕೆ ನರಗುಂದಕ್ಕೆ ಬಂದವನು ಗೋಣೆಪ್ಪಕಾಕಾನ ಹತ್ತಿರ ಎಲ್ಲ ಹೇಳಿದ್ದಾನೆ. "ರಜಾ ಕೊಡ್ತೀನಿ, ಊರಿಗೆ ಹೋಗಿ ಬಾ ಅಂದ್ರ ಅಂವನ ಒಲ್ಲೆ ಅಂತಾನ್ರಿ. ಉಣ್ಣೂದೂ ಕಡಿಮಿ ಮಾಡ್ಯಾನ" ಎಂದನಂತೆ.

ಕೂತು ಯೋಚನೆ ಮಾಡಿದೆ. ನನಗೆ ಹೊಳೆಯುವ ಕಾರಣ ಒಂದೇ. ನಿನಗೆ ಅನ್ನಪೂರ್ಣಾಳ ಸಂಗತಿ ಇನ್ನೂ ಮನಸ್ಸಿನಲ್ಲಿದೆ. ನಿನಗಾಗಿ ಹೆಣ್ಣು ಕೇಳಲು ನಿಮ್ಮಣ್ಣ ನರಗುಂದಕ್ಕೆ ಹೋಗಿ ಬಂದು, ಅವರು ಒಲ್ಲೆ ಅಂದರು ಎಂದು ನಿನಗೆ ಹೇಳಿದರು. ಅದು ನಿಜವಲ್ಲ ಎಂದು ನಿನ್ನ ಕಿವಿಗೆ ಬಿದ್ದಿರಬೇಕು. ಹೌದು, ನಿಜವಲ್ಲ. ಹುಡುಗಿಯ ಅಪ್ಪ ಒಪ್ಪಿದ್ದ, ಆದರೆ ನೀನು ಅವರ ಮನೆಯಲ್ಲೇ ಅಳಿಯನಾಗಿ ಇರಬೇಕು ಎಂದಿದ್ದ. ಆವತ್ತು ನಿಮ್ಮಣ್ಣ ಬಂದು ಕಟ್ಟೆಯ ಮೇಲೆ ಕೂತು ಚಹಾನೂ ಕುಡಿಯಲಿಲ್ಲ. "ಅವ್ವ ಸಾಯೂಮುಂದ ಇವನ ಕೈ ನನ್ನ ಕೈಯಾಗ ಇಟ್ಟಾಳ. ಅಂವನ್ನ ಕೊಟ್ಟು ಬರೂದು ನನ್ನ ಕಡಿಂದ ಆಗಂಗಿಲ್ಲ, ದೇವಿಕಾ" ಅಂದರು. ನಿನಗೆ ನಿಜ ಹೇಳಿದರೆ ನೀನು ಹೂಂ ಎಂದು ಹೊರಟುಬಿಡುತ್ತೀ ಎಂದು ಅವರಿಗೆ ಅಂಜಿಕೆ.

ಆಮೇಲೆ ಅವರೇ ಕೊರಗಿದರು. ತಮ್ಮನ ಮುಖ ನೋಡಲು ಆಗುತ್ತಿಲ್ಲ ಎನ್ನುತ್ತಿದ್ದರು. ದೀಪಾವಳಿ ಮುಗಿದ ಮೇಲೆ ಮತ್ತೆ ನರಗುಂದಕ್ಕೆ ಹೋಗಿ, ನನ್ನ ಪಾಲಿನ ಎರಡು ಎಕರೆ ತಮ್ಮನ ಹೆಸರಿಗೆ ಮಾಡುತ್ತೇನೆ, ಹುಡುಗಿಯನ್ನು ನಮ್ಮಲ್ಲಿಗೇ ಕಳಿಸಿರಿ ಎಂದು ಕೇಳುವವರಿದ್ದರು. ಉಡಲು ಹೊಸ ಧೋತರ ಕೂಡ ತಂದಿಟ್ಟಿದ್ದರು. ದೀಪಾವಳಿಗೆ ಮೊದಲೇ ಹೀಗಾಯಿತು. ಈಗ ಆ ಹುಡುಗಿಗೆ ಬೇರೆ ಕಡೆ ಮದುವೆಯೂ ಆಗಿಹೋಗಿದೆ.

ಸತ್ತವರ ಮೇಲೆ ಸಿಟ್ಟು ಇಟ್ಟುಕೊಂಡು ಏನು ಮಾಡುತ್ತೀ ದುರಗೇಶ? ಅವರ ಮನಸ್ಸಿನಲ್ಲಿ ಕೆಟ್ಟದ್ದು ಇರಲಿಲ್ಲ. ಪೂಜೆಗೆ ಬಾ.

ನಿನ್ನ ವೈನಿ


ಮಡಗಾಂವ
೪ ಅಕ್ಟೋಬರ್ ೨೦೨೪

ವೈನಿ,

ಇದನ್ನು ಓದುವಾಗ ಶಂಕ್ರಿ ನಿಮ್ಮ ತೊಡೆಯ ಮೇಲಿದ್ದರೆ ಕೆಳಗಿಳಿಸಿ ಓದಿ.

ನಿಮ್ಮ ಪತ್ರ ಬಂದು ಒಂದು ವಾರವಾಯಿತು. ಹೊಸ ಧೋತರದ ಸಾಲಿಗೆ ಬಂದಾಗ ಕೆಲಸದ ಜಾಗದಲ್ಲೇ ಕೂತು ಅತ್ತುಬಿಟ್ಟೆ. ಊರಲ್ಲಿ ಯಾರು ಹೋದರು ಎಂದು ಮೈನುದ್ದೀನ ಕೇಳಿದ. ನನ್ನ ಅಣ್ಣ ಎಂದೆ. ಹೋದ ವರ್ಷ ಹೋದನಲ್ಲ ಎಂದ. ಹೌದು ಎಂದೆ.

ಬಂದು ಹೇಳುವ ಧೈರ್ಯ ನನಗಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ನಮ್ಮ ಮನೆಯ ಪದ್ಧತಿ ನಿಮಗೂ ಗೊತ್ತು. ಹಗೇವಿಗೆ ಇಳಿಯುವವನು ದೀಪ ನೋಡಬಾರದು. ಇಳಿಯುವವನಿಗೆ ಅವಸರ ಇರುತ್ತದೆ, ಅವನ ಕಣ್ಣಿಗೆ ಆರಿದ ದೀಪವೂ ಉರಿದ ಹಾಗೆ ಕಾಣುತ್ತದೆ ಎಂದು ಅಪ್ಪ ಹೇಳುತ್ತಿದ್ದ. ಕಂದೀಲಿಗೆ ಹಗ್ಗ ಕಟ್ಟಿ ಒಳಗೆ ಬಿಡುವವನು ಒಬ್ಬ, ಬೆನ್ನು ತಿರುಗಿಸಿ ಕೂರುವವನು ಇನ್ನೊಬ್ಬ. ದೀಪ ಹಿಡಿದವನು ನಿಂತೈತಿ ಅಂದರೆ ಇಳಿಯಬೇಕು, ಆರೈತಿ ಅಂದರೆ ಕೆಟ್ಟ ಗಾಳಿ ಹೋಗುವ ತನಕ ಕಾಯಬೇಕು. ಮರುಮಾತಿಲ್ಲ.

ಯಾವಾಗಲೂ ದೀಪ ಹಿಡಿಯಲು ಗೋಣೆಪ್ಪಕಾಕಾನನ್ನು ಕರೆಯುತ್ತಿದ್ದೆವು. ಆವತ್ತು, ಕಾಕಾ ಬೇಡ, ನಾನೇ ಹಿಡಿಯುತ್ತೇನೆ ಎಂದವನು ನಾನು. ಅದರ ಮೂರು ದಿನ ಮೊದಲು ನರಗುಂದದ ಪೇಟೆಯಲ್ಲಿ ಒಬ್ಬ ದಲ್ಲಾಳಿ ನಕ್ಕು ಹೇಳಿದ್ದ: ಹುಡುಗಿ ಮನೆಯವರು ಒಪ್ಪಿದ್ದರು, ಮುರಿದದ್ದು ನಿನ್ನ ಅಣ್ಣನೇ ಎಂದು. ಆ ಮೂರು ದಿನ ನನ್ನ ತಲೆಯಲ್ಲಿ ಬೇರೆ ಏನೂ ಇರಲಿಲ್ಲ. ದೀಪ ಆರಿದರೂ ನಿಂತೈತಿ ಎಂದು ಹೇಳಬೇಕು ಎಂದು ನಿರ್ಧಾರ ಮಾಡಿಯೇ ಹಗ್ಗ ಹಿಡಿದೆ. ಸಿಟ್ಟಿನ ಭರದಲ್ಲಿ ಬಂದ ವಿಚಾರವಲ್ಲ ಇದು. ರೋಣಕ್ಕೆ ಯಾವ ಬಸ್ಸಿಗೆ ಹೋಗಬೇಕು, ಯಾರು ಕೇಳಿದರೆ ಏನು ಹೇಳಬೇಕು, ಎಲ್ಲವನ್ನೂ ಯೋಚಿಸಿಟ್ಟಿದ್ದೆ. ನೀವು ವಿಧವೆಯಾಗುತ್ತೀರಿ ಎಂಬುದನ್ನೂ ಯೋಚಿಸಿದ್ದೆ. ಯೋಚಿಸಿ ಮುಂದಕ್ಕೆ ಹೋಗಿದ್ದೆ.

ಕಂದೀಲು ಒಳಗೆ ಹೋಗುತ್ತಲೇ ಆರಿತು. ಅಣ್ಣ ಬೆನ್ನು ಮಾಡಿ ಕೂತಿದ್ದ. ಅಂಗಿ ಬಿಚ್ಚಿದ್ದ. "ದೀಪ ನಿಂತೈತೇನೋ?" ಎಂದ. ಮಾತು ನನ್ನ ಬಾಯಿಯಲ್ಲಿತ್ತು. ಎಷ್ಟು ಹೊತ್ತು ಸುಮ್ಮನಿದ್ದೆನೋ ಗೊತ್ತಿಲ್ಲ. ಆಮೇಲೆ "ಇಲ್ಲ, ಆರೈತಿ. ಇಳಿಬ್ಯಾಡ" ಎಂದೆ. ಒಳ್ಳೆಯತನದಿಂದ ಅಂದೆನೋ, ಅಂಜಿ ಅಂದೆನೋ ಇವತ್ತಿಗೂ ನನಗೆ ತಿಳಿದಿಲ್ಲ. ಅಣ್ಣ ತಿರುಗಿ ನನ್ನ ಮುಖ ನೋಡಿ ನಕ್ಕ. "ಒಂದ ಮಾತು ಹೇಳಾಕ ಇಷ್ಟೊತ್ತ ಬೇಕೇನೋ?" ಎಂದ. ನಾನು ಅವನ ಮುಖ ನೋಡಲಾರದೆ ಬಸ್ ಸ್ಟ್ಯಾಂಡಿಗೆ ಹೋದೆ.

ನಾನು ಹೇಳಲು ತಡ ಮಾಡಿದ್ದೇ ಅವನನ್ನು ಕೊಂದಿತು, ವೈನಿ. ಆ ಗಳಿಗೆಯಲ್ಲಿ ಅವನು ನನ್ನ ಮುಖದಲ್ಲಿ ಏನೋ ಕಂಡ. ತಮ್ಮ ಸುಳ್ಳು ಹೇಳುತ್ತಿದ್ದಾನೆ, ಸಿಟ್ಟಿಗೆ ಕೆಲಸ ತಡೆಯುತ್ತಿದ್ದಾನೆ ಎಂದುಕೊಂಡ. ಅದಕ್ಕೇ ನಾನು ಹೋದದ್ದೇ ತಡ ಇಳಿದ. ನಿಜವನ್ನೇ ಹೇಳಿದೆ, ಆದರೆ ಅದು ಸುಳ್ಳಿನ ಹಾಗೆ ಕೇಳುವಂತೆ ಹೇಳಿದೆ.

ಅದೂ ಹೋಗಲಿ. ನಾನು ತಟ್ಟನೆ ಹೇಳಿದ್ದರೂ, ಅವನು ಇವತ್ತು ಬದುಕಿದ್ದರೂ, ಆ ಮೂರು ದಿನ ನಾನು ಅವನನ್ನು ಕೊಂದವನೇ. ಅಣ್ಣ ನರಗುಂದಕ್ಕೆ ಎರಡನೆಯ ಸಲ ಹೋಗಲೇ ಇಲ್ಲ. ಆದರೂ ನಿಮ್ಮ ಪತ್ರ ಓದಿದ ಮೇಲೆ ಹೋಗಿಬಂದನೆಂದೇ ನನ್ನ ಲೆಕ್ಕ. ಅವನು ಮಾಡದ ಒಳ್ಳೆಯದನ್ನು ನಾನು ಎಣಿಸಿಕೊಂಡ ಮೇಲೆ, ನಾನು ಮಾಡದ ಕೆಟ್ಟದ್ದನ್ನು ಹೇಗೆ ಬಿಡಲಿ?

ಈಗ ಹೇಳಿ. ಪೂಜೆಗೆ ಬರಲೇ?

ದುರಗೇಶ


ರಾಜೂರ
೧೦ ನವೆಂಬರ್ ೨೦೨೪

ದುರಗೇಶ,

ಪತ್ರ ಓದಿದೆ. ಪೂಜೆ ಮುಗಿಯಿತು. ಎಡೆ ಇಡಲು ತಮ್ಮ ಎಲ್ಲಿ ಎಂದು ಅಯ್ಯನವರು ಕೇಳಿದರು. ಬರುವುದಿಲ್ಲ ಎಂದು ಹೇಳಿದೆ.

ನೀನು ಉಣ್ಣುವಾಗ ನಿನಗೆ ಮೊದಲು ಬಡಿಸುತ್ತಿದ್ದೆ, ಅವರಿಗೆ ಆಮೇಲೆ. ನನ್ನ ಮಗಳನ್ನು ನಿನ್ನ ಹೆಗಲ ಮೇಲೆ ಬಿಟ್ಟು ನೀರಿಗೆ ಹೋಗುತ್ತಿದ್ದೆ. ನಾನು ವಿಧವೆಯಾಗುವುದನ್ನು ಯೋಚಿಸಿ ಮುಂದಕ್ಕೆ ಹೋಗಿದ್ದೆ ಎಂದು ನೀನೇ ಬರೆದಿದ್ದೀ.

ಬರಬೇಡ. ಪತ್ರವನ್ನೂ ಬರೆಯಬೇಡ.

ದೇವಿಕಾ


ಮಡಗಾಂವ
೨೮ ಡಿಸೆಂಬರ್ ೨೦೨೪

ವೈನಿ,

ಬರೆಯಬೇಡ ಎಂದಿದ್ದೀರಿ. ಇದೊಂದು ಬರೆದು ನಿಲ್ಲಿಸುತ್ತೇನೆ.

ಹೋದ ವಾರ ನಾನು ರೋಣಕ್ಕೆ ಬಂದಿದ್ದೆ. ಒಬ್ಬ ವಯಸ್ಸಾದ ವಕೀಲರ ಮನೆಗೆ ಹೋಗಿ ಎಲ್ಲ ಹೇಳಿದೆ. ನನ್ನ ಮೇಲೆ ಕೇಸು ಹಾಕಿಸಿರಿ ಎಂದು ಕೇಳಿದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡು, ಚಹಾ ತರಿಸಿ, "ತಮ್ಮಾ, ಮನಸಿನ್ಯಾಗ ಆಗಿದ್ದಕ್ಕ ಕೋರ್ಟಿನ್ಯಾಗ ಜಾಗಾ ಇಲ್ಲ. ನೀ ಖರೇ ಹೇಳಿದಿ, ಅಂವಾ ಕೇಳಲಿಲ್ಲ. ಮನಿಗೆ ಹೋಗು" ಎಂದರು. ಫೀಸನ್ನೂ ತೆಗೆದುಕೊಳ್ಳಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಮನೆಗೆ ಹೋಗು ಎಂದರಲ್ಲ, ರಾಜೂರಿನ ಬಸ್ಸು ಹತ್ತಿದೆ. ನಮ್ಮ ಹೊಲದ ಹತ್ತಿರ ಇಳಿದೆ. ಜೋಳ ಎದೆಮಟ್ಟ ಬಂದಿತ್ತು. ನೀವು ದೂರದ ಬದುವಿನಲ್ಲಿ ಶಂಕ್ರಿಯ ಕೈ ಹಿಡಿದು ನಡೆಯುತ್ತಿದ್ದಿರಿ. ನಾನು ಕಳಿಸಿದ ಅಂಗಿ ಅವಳ ಮೈಮೇಲಿತ್ತು, ಕೆಳಗೆ ಮಡಚಿ ಹೊಲಿದಿದ್ದಿರಿ. ಅದನ್ನು ಕಂಡು ನಾನು ಜೋಳದಲ್ಲಿ ಕೂತುಬಿಟ್ಟೆ. ನೀವು ಮನೆಗೆ ಹೋದ ಮೇಲೆ ಎದ್ದು ಮರುಬಸ್ಸಿಗೆ ಹೋದೆ.

ಕ್ಷಮಿಸಿ ಎಂದು ಕೇಳುವುದಿಲ್ಲ.

ದುರಗೇಶ


ಗಜೇಂದ್ರಗಡ
೧೬ ಮಾರ್ಚ್ ೨೦೨೫

ದುರಗೇಶ,

ನಾನೀಗ ಹಾಲೇಶಣ್ಣನ ಮನೆಯಲ್ಲಿದ್ದೇನೆ. ಜನವರಿಯಲ್ಲಿ ರಾಜೂರಿನ ಮನೆಗೆ ಬೀಗ ಹಾಕಿ ಬಂದೆ. ಕೀಲಿ ನನ್ನ ಹತ್ತಿರವೇ ಇದೆ. ಪಕ್ಕದ ಮನೆಯಲ್ಲಿ ಮಗ್ಗ ಇದೆ, ಬೆಳಗಿನಿಂದ ಸಂಜೆಯ ತನಕ ಸಪ್ಪಳ. ಶಂಕ್ರಿ ಅದರ ತಾಳಕ್ಕೆ ಕುಣಿಯುತ್ತಾಳೆ. ಎರಡು ವರ್ಷ ತುಂಬಿತು. ಅತ್ತಿಗೆ ಒಳ್ಳೆಯವಳೇ, ಆದರೆ ನಾನು ಇಲ್ಲಿ ಒಲೆಯ ಮುಂದೆ ಕೂರುವ ಮೊದಲು ಕೇಳಿ ಕೂರಬೇಕು.

ನಿನಗೆ ಬರೆಯಬೇಡ ಎಂದವಳು ನಾನು. ಈಗ ನಾನೇ ಬರೆಯುತ್ತಿದ್ದೇನೆ. ಎರಡು ಸಲ ಬರೆದು ಒಲೆಗೆ ಹಾಕಿದೆ. ಇದು ಮೂರನೆಯದು.

ನಿನ್ನ ಪತ್ರ ಓದಿದಾಗ ನನಗೆ ಎಂಥ ಸಿಟ್ಟು ಬಂತೆಂದರೆ, ನೀನು ಎದುರಿಗಿದ್ದಿದ್ದರೆ ಏನು ಮಾಡುತ್ತಿದ್ದೆನೋ. ಆ ಸಿಟ್ಟು ಸುಳ್ಳಲ್ಲ. ಆದರೆ ಅದರ ಜೊತೆಗೆ ಇನ್ನೊಂದು ಆಯಿತು, ಅದನ್ನು ಹೇಳಲು ನನಗೆ ನಾಚಿಕೆ. ನನಗೆ ಹಗುರವಾಯಿತು. ವರ್ಷದಿಂದ ಹೊತ್ತದ್ದನ್ನು ಇಳಿಸಲು ಒಂದು ಹೆಗಲು ಸಿಕ್ಕ ಹಾಗಾಯಿತು. ತಪ್ಪು ದುರಗೇಶನದು, ಅವನೇ ಬರೆದುಕೊಟ್ಟಿದ್ದಾನೆ ಎಂದು ನಿನ್ನ ಪತ್ರವನ್ನು ಮಡಚಿ ಪೆಟ್ಟಿಗೆಯಲ್ಲಿಟ್ಟೆ. ನಾಲ್ಕು ತಿಂಗಳು ಚೆನ್ನಾಗಿ ನಿದ್ದೆ ಮಾಡಿದೆ. ನೀನು ವಕೀಲರ ಹತ್ತಿರ ಹೋದದ್ದು ಓದಿದ ಮೇಲೂ ಬಾಯಿ ಬಿಡಲಿಲ್ಲ. ಅದೇ ನನ್ನನ್ನು ಈಗ ತಿನ್ನುತ್ತಿದೆ.

ನಿಮ್ಮಣ್ಣ ನೀನು ಹೋದದ್ದೇ ತಡ ಇಳಿಯಲಿಲ್ಲ. ನಾಲ್ಕು ತಾಸು ಕಾದರು. ಅಂಗಿ ತೊಟ್ಟುಕೊಂಡು ಹಿತ್ತಲ ಕಟ್ಟೆಯ ಮೇಲೆ ಕೂತಿದ್ದರು. ಯಾಕೆ ಇಳಿಯಲಿಲ್ಲ ಎಂದು ಕೇಳಿದೆ. "ತಮ್ಮ ಆರೈತಿ ಅಂದ" ಎಂದರು. ಆಮೇಲೆ ತಾವೇ ನಕ್ಕು, "ಹೇಳಾಕ ತಡದಾ. ಮನ್ಯಾಗ ಜೋಳ ಮುಗದೈತಿ, ನನಗ ಅವಸರ ಐತಿ ಅಂತ ಗೊತ್ತಲ್ಲ ಅಂವಗ. ನನಗ ಬ್ಯಾಸರ ಆದೀತು ಅಂತ ತಡದಾನ. ಭಾಳ ಮೆತ್ತಗಿನ ಹುಡುಗ" ಎಂದರು. ನಿನ್ನ ಮುಖದಲ್ಲಿ ಅವರಿಗೆ ಕಂಡದ್ದು ಅದು.

ಹನ್ನೆರಡಕ್ಕೆ ಮತ್ತೆ ದೀಪ ಬಿಡೋಣ ಎಂದರು. ಗೋಣೆಪ್ಪಕಾಕಾ ಹೊಲದಲ್ಲಿದ್ದರು, ನೀನು ರೋಣದಲ್ಲಿದ್ದೆ. ಹಗ್ಗ ಹಿಡಿದವಳು ನಾನು. ಅವರು ಪದ್ಧತಿಯ ಪ್ರಕಾರ ಬೆನ್ನು ಮಾಡಿ ಕೂತರು. ಕಂದೀಲು ಇಳಿಬಿಟ್ಟೆ. ಹಗ್ಗ ಮುಗಿಯುವ ತನಕ ಬಿಟ್ಟೆ. ದೀಪ ಅಲುಗಾಡದೆ ಉರಿಯಿತು. "ನಿಂತೈತ್ರಿ" ಎಂದೆ. ಅವರು ಎದ್ದು ಬಂದು ಇಳಿದರು. ಒಳಗಿಂದ ಒಮ್ಮೆ ಕೆಮ್ಮಿದ್ದು ಕೇಳಿಸಿತು. ನನ್ನ ಕೂಗು ಕೇಳಿ ಓಡಿಬಂದ ಓಣಿಯ ಕೂಲಿ ಹುಡುಗ ಬಸ್ಯಾ ಮೂಗಿಗೆ ಒದ್ದೆ ಬಟ್ಟೆ ಕಟ್ಟಿಕೊಂಡು ಇಳಿದು ಮೇಲಕ್ಕೆ ತರುವಷ್ಟರಲ್ಲಿ ಎಲ್ಲ ಮುಗಿದಿತ್ತು.

ದೀಪ ತಳದ ತನಕ ಹೋಗಿರಲಿಲ್ಲ, ದುರಗೇಶ. ಹಗ್ಗ ಗಿಡ್ಡಾಗಿತ್ತು. ಅದಕ್ಕೆ ನಾಲ್ಕು ದಿನ ಮೊದಲು ಸೀಗೆ ಹುಣ್ಣಿಮೆಗೆ ಎಲ್ಲರೂ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿದ್ದೆವಲ್ಲ, ಬೇವಿನ ಮರಕ್ಕೆ ಶಂಕ್ರಿಯನ್ನು ಮಲಗಿಸುವ ಜೋಳಿಗೆ ಕಟ್ಟಲು ಹಗ್ಗ ಬೇಕಿತ್ತು. ಗೂಟಕ್ಕೆ ತೂಗು ಹಾಕಿದ್ದ ಕಂದೀಲಿನ ಹಗ್ಗದಿಂದ ಮೂರು ಮೊಳ ಕುಡುಗೋಲಿನಿಂದ ಕೊಯ್ದುಕೊಂಡವಳು ನಾನು. ಕೊಯ್ದದ್ದು ಮರೆತೇಹೋಗಿತ್ತು. ಮೇಲಿನ ಗಾಳಿ ಅಷ್ಟರಲ್ಲಿ ತಿಳಿಯಾಗಿತ್ತು, ಕೆಳಗಿನದು ಹಾಗೇ ಇತ್ತು. ಮೂರನೆಯ ದಿನ ಹಗ್ಗ ಸುತ್ತಿಡುವಾಗ ಕೊಯ್ದ ತುದಿ ಕೈಗೆ ಬಂತು. ಹಗ್ಗವನ್ನು ಒಲೆಯಲ್ಲಿ ಸುಟ್ಟೆ. ಯಾರ ಮಾತೂ ಕೇಳದೆ ಇಳಿದರು ಎಂದು ಊರಿಗೆಲ್ಲ ಹೇಳಿದೆ. ಸತ್ತ ಗಂಡನನ್ನು ಮೊಂಡ ಎಂದು ಮಾಡಿ ನಾನು ಉಳಿದುಕೊಂಡೆ. ನೀನು ಅದನ್ನೇ ನಂಬಿ ಇಷ್ಟು ದಿನ ಸತ್ತೆ.

ನೀನು ಬಯಸಿದೆ, ಆದರೆ ಮಾಡಲಿಲ್ಲ. ನಾನು ಬಯಸಲಿಲ್ಲ, ಆದರೆ ನನ್ನ ಕೈಯಿಂದಲೇ ಆಯಿತು. ಲೋಕದಲ್ಲಿ ಆದದ್ದೇ ಲೆಕ್ಕ. ಆ ಲೆಕ್ಕದಲ್ಲಿ ನಿನ್ನ ಹೆಸರಿಲ್ಲ. ನನ್ನ ಗಂಡನನ್ನು ಕಳಿಸಿದವಳು ನಾನು.

ನಿನ್ನ ಮೇಲಿನ ಸಿಟ್ಟು ಹೋಯಿತೇ ಎಂದು ಕೇಳಬೇಡ. ಪೂರ್ತಿ ಹೋಗಿಲ್ಲ. ಆದರೂ ನೀನು ಬಂದರೆ ಬೀಗ ತೆಗೆಯುತ್ತೇನೆ. ಉಗಾದಿಯ ತನಕ ನೋಡುತ್ತೇನೆ.

ದೇವಿಕಾ


ಮಡಗಾಂವ
೬ ಏಪ್ರಿಲ್ ೨೦೨೫

ವೈನಿ,

ಉಗಾದಿ ದಾಟಿತು. ಪತ್ರ ತಡವಾಗಿ ಬಂತು ಎಂದು ಬರೆಯಬಹುದಿತ್ತು, ಆದರೆ ತಡವಾಗಿ ಬರಲಿಲ್ಲ.

ನೀವು ನನಗೆ ಕೊಟ್ಟದ್ದು ಬಿಡುಗಡೆ ಎಂದು ನೀವು ತಿಳಿದಿದ್ದೀರಿ. ಅಣ್ಣ ನನ್ನ ಮಾತು ನಂಬಲಿಲ್ಲ ಎಂದು ಒಂದೂವರೆ ವರ್ಷ ಸುಟ್ಟುಕೊಂಡೆ. ನಂಬಿದ್ದ ಎಂದು ತಿಳಿದರೆ ತಣ್ಣಗಾಗಬೇಕಿತ್ತಲ್ಲ. ಅವನು ಅಂಗಿ ತೊಟ್ಟುಕೊಂಡು ಕಟ್ಟೆಯ ಮೇಲೆ ಕೂತು, ಮೆತ್ತಗಿನ ಹುಡುಗ ಎಂದು ನನ್ನ ಬಗ್ಗೆ ನಿಮ್ಮ ಹತ್ತಿರ ಹೇಳಿದ್ದನ್ನು ಓದಿ, ನನ್ನಿಂದ ತಡೆದುಕೊಳ್ಳಲು ಆಗಲಿಲ್ಲ. ಅವನು ನನ್ನ ಮುಖದಲ್ಲಿ ಸುಳ್ಳು ಕಂಡಿದ್ದರೆ ನನ್ನನ್ನು ಸರಿಯಾಗಿ ಕಂಡ ಹಾಗಾಗುತ್ತಿತ್ತು. ಅವನು ಕೊಲ್ಲಲು ಕೂತವನನ್ನು ನೋಡಿ ಪ್ರೀತಿ ಎಂದುಕೊಂಡ. ಅದನ್ನು ತಿದ್ದಲು ಈಗ ಅವನಿಲ್ಲ.

ಹಗ್ಗದ ವಿಷಯ. ಬೆಳಿಗ್ಗೆ ಅದೇ ಹಗ್ಗ ಹಿಡಿದವನು ನಾನು. ಮೂರು ಮೊಳ ಕಡಿಮೆ ಇದ್ದದ್ದು ನನಗೂ ಗೊತ್ತಾಗಲಿಲ್ಲ, ನನ್ನ ಗಮನ ಎಲ್ಲಿತ್ತು ಎಂದು ನಿಮಗೆ ಗೊತ್ತು. ನೀವು ಕೊಯ್ದದ್ದು ಮಗಳನ್ನು ನೆರಳಲ್ಲಿ ಮಲಗಿಸಲು. ನಿಂತೈತ್ರಿ ಅಂದದ್ದು ನಿಂತದ್ದನ್ನು ಕಂಡು. ನಿಮ್ಮ ಮನಸ್ಸಿನಲ್ಲಿ ಅವನ ಊಟ, ಅವನ ಜೋಳ ಬಿಟ್ಟು ಬೇರೆ ಏನೂ ಇರಲಿಲ್ಲ. ನಿಮ್ಮದು ತಪ್ಪಲ್ಲ. ಇದನ್ನು ನಾನು ಸಮಾಧಾನಕ್ಕೆ ಹೇಳುತ್ತಿಲ್ಲ, ಸಾವಿರ ಸಲ ಯೋಚಿಸಿ ಹೇಳುತ್ತಿದ್ದೇನೆ.

ಆದರೆ ನಿಮ್ಮದು ತಪ್ಪಲ್ಲ ಎನ್ನಬೇಕಾದರೆ, ಕೈಯಿಂದ ಏನಾಯಿತು ಎಂಬುದನ್ನು ಬಿಟ್ಟು ಮನಸ್ಸಿನಲ್ಲಿ ಏನಿತ್ತು ಎಂಬುದನ್ನೇ ನೋಡಬೇಕು. ಹಾಗೆ ನೋಡಿದ ಕೂಡಲೇ ನಾನು ಸಿಕ್ಕಿಬೀಳುತ್ತೇನೆ. ನೀವು ಬರೆದ ಹಾಗೆ ಆದದ್ದೇ ಲೆಕ್ಕ ಎಂದರೆ ನಾನು ಊರಿಗೆ ಬರಬಹುದು, ಅಣ್ಣನ ಜಾಗದಲ್ಲಿ ಉಣ್ಣಬಹುದು, ಶಂಕ್ರಿಯನ್ನು ಹೆಗಲ ಮೇಲೆ ಹೊರಬಹುದು. ಆದರೆ ಆಗ ಗಂಡನನ್ನು ಕೊಂದವಳು ನೀವು ಎಂದು ನಾನು ದಿನಾ ಒಪ್ಪಿಕೊಂಡೇ ನಿಮ್ಮ ಕೈಯ ರೊಟ್ಟಿ ತಿನ್ನಬೇಕು. ಅದು ನನ್ನಿಂದ ಆಗುವುದಿಲ್ಲ. ಇಬ್ಬರೂ ಒಟ್ಟಿಗೆ ಪಾರಾಗುವ ದಾರಿ ಹುಡುಕಿದೆ ವೈನಿ, ಸಿಗಲಿಲ್ಲ. ಅದಕ್ಕೆ ನಿಮ್ಮನ್ನು ಬಿಡಿಸಿದ್ದೇನೆ.

ರಾಜೂರಿನ ಮನೆಯ ಬೀಗ ನೀವೇ ತೆಗೆಯಿರಿ. ಹೊಲದ ಕೆಲಸಕ್ಕೆ ಬಸ್ಯಾನನ್ನು ಇಟ್ಟುಕೊಳ್ಳಿ, ಅವನ ಕೂಲಿ ನಾನು ಕಳಿಸುತ್ತೇನೆ, ಹಾಲೇಶಣ್ಣನಿಗೆ ನಾನೇ ಬರೆಯುತ್ತೇನೆ. ಅಣ್ಣ ಮೊಂಡನಲ್ಲ ಎಂದು ಊರಿಗೆ ಹೇಳಿ. ಹಗ್ಗದ ಸಂಗತಿ ಹೇಳುವುದು ಬೇಡ. ದೀಪ ಹಿಡಿದವರ ಮಾತು ನಂಬಿ ಇಳಿದ ಎಂದು ಹೇಳಿ, ಹಿಡಿದವನು ದುರಗೇಶ ಎಂದು ಹೇಳಿದರೂ ಪರವಾಗಿಲ್ಲ. ಶಂಕ್ರಿಗೆ ಬುದ್ಧಿ ಬಂದ ಮೇಲೆ, ಅವಳಪ್ಪ ತನ್ನವರನ್ನು ನಂಬುವ ಮನುಷ್ಯನಾಗಿದ್ದ ಎಂದು ಹೇಳಿ.

ಈ ವಿಳಾಸದಲ್ಲಿ ನಾನು ಇನ್ನೂ ಕೆಲವು ದಿನ ಇರುತ್ತೇನೆ. ನೀವು ಉತ್ತರ ಬರೆಯಬೇಡಿ, ವೈನಿ. ಬರೆದರೆ ನಾನು ಬಂದುಬಿಡುತ್ತೇನೆ.

ದುರಗೇಶ